ಕ್ಷೇತ್ರಸಂಚಾರಕ್ಕೆ ತಕ್ಕ ಕಿರುತರಂಗ ಆಂಟೆನಾ: ಸೇಡಂ–ಚಿಂಚೋಳಿ ಸೀಮೆಯನ್ನು ಕುರಿತು ಒಂದು ವಿಚಾರ

ಶಾಸನಗಳ ಪ್ರತಿ ತೆಗೆಯುವ ಕಾಗದ, ಮಸಿ, ಕುಂಚ, ಅಳತೆಪಟ್ಟಿ, ಧ್ವನಿಮುದ್ರಕ ಇವು ಇತಿಹಾಸ ವಿಭಾಗದವರ ಸಂಚಾರದ ಚೀಲದಲ್ಲಿ ಇರತಕ್ಕ ಸಾಮಗ್ರಿಗಳೆಂಬುದು ವಾಚಕರಿಗೆ ವಿದಿತವೇ ಆಗಿದೆ. ಇವುಗಳ ಜತೆಗೆ ಒಂದು ಚಿಕ್ಕ ಕಿರುತರಂಗ ರೇಡಿಯೋವನ್ನೂ ಅದಕ್ಕೊಪ್ಪುವ ಆಂಟೆನಾವನ್ನೂ ಒಯ್ಯಬೇಕೆಂದು ನಾವು ಹೇಳಿದರೆ ಕೆಲವರಿಗೆ ಅದು ವಿನೋದವಾಗಿ ತೋರಬಹುದು. ಆದಕಾರಣ ಮೊದಲು ಇದರ ಪ್ರಯೋಜನವನ್ನು ತಿಳಿಸಿ, ಅನಂತರ ಆಯ್ಕೆಯ ವಿಚಾರಕ್ಕೆ ಬರುತ್ತೇವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳು ೧೯೪೮ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ವರ್ಷದ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಕದನವಿರಾಮವನ್ನು ರೇಡಿಯೋ ಮೂಲಕ ಸಾರಿದರು. ಆ ಐದು ದಿನಗಳಲ್ಲಿ ಸುದ್ದಿಯು ಊರಿಂದೂರಿಗೆ ಹೇಗೆ ಹಬ್ಬಿತು ಎಂಬುದು ಈ ಸೀಮೆಯ ಇತಿಹಾಸವನ್ನು ಬರೆಯುವವರಿಗೆ ಸಣ್ಣ ಪ್ರಶ್ನೆಯಲ್ಲ. ಅಂದು ಎಂಟು ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರ ಬಾಯಿಂದ ಬರುವ ಮಾತುಗಳಲ್ಲಿ ಎರಡು ಬಗೆಯವು ಮರಳಿ ಮರಳಿ ಕೇಳಿಬರುತ್ತವೆ: ಹೈದರಾಬಾದಿನ ಘೋಷಣೆಯನ್ನು ಕೇಳಿದೆವೆಂಬುದು ಒಂದು; ವಾಡೆಯ ಮಾಳಿಗೆಯ ಮೇಲೆ ತಂತಿ ಕಟ್ಟಿ ಗುಟ್ಟಾಗಿ ಮದ್ರಾಸನ್ನೋ ಮುಂಬಯಿಯನ್ನೋ ದೆಹಲಿಯನ್ನೋ ಕೇಳುತ್ತಿದ್ದರೆಂಬುದು ಇನ್ನೊಂದು. ಮೊದಲನೆಯದರಲ್ಲಿ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ. ಡೆಕ್ಕನ್ ರೇಡಿಯೋ ಮಧ್ಯಮ ತರಂಗದಲ್ಲಿ ಪ್ರಸಾರ ಮಾಡುತ್ತಿತ್ತು; ಸೇಡಂ ಹೈದರಾಬಾದಿನಿಂದ ನೇರ ಅಳತೆಯಲ್ಲಿ ಸುಮಾರು ೧೩೦ ಕಿಲೋಮೀಟರು ಮಾತ್ರ. ಎರಡನೆಯ ಮಾತನ್ನು ಒಪ್ಪುವುದೂ ತಳ್ಳಿಹಾಕುವುದೂ ಪರೀಕ್ಷೆಯಿಲ್ಲದೆ ಸಲ್ಲದು. ಆಕಾಶವಾಣಿಯು ೧೯೩೮ರಿಂದಲೇ ಮುಂಬಯಿ, ಮದ್ರಾಸುಗಳಲ್ಲಿ ಕಿರುತರಂಗ ಪ್ರೇಷಕಗಳನ್ನು ಹೊಂದಿತ್ತು ಎಂಬುದು ನಿಜ. ಆದರೆ ಚಿಂಚೋಳಿಯ ಒಂದು ಮನೆಯ ಮಾಳಿಗೆಯ ಮೇಲೆ, ಇಂತಿಷ್ಟು ಉದ್ದದ ತಂತಿಯಿಂದ, ಸಂಜೆಯ ಇಂಥ ಹೊತ್ತಿನಲ್ಲಿ ಅವು ಕೇಳಿಸಬಲ್ಲವೇ ಎಂಬುದನ್ನು ಅದೇ ಮಾಳಿಗೆಯನ್ನು ಹತ್ತಿ ನೋಡಿದವರು ಮಾತ್ರ ಹೇಳಬಲ್ಲರು.

ಇತಿಹಾಸದ ಅಧ್ಯಾಪಕರಿಗೆ ಭೌತಶಾಸ್ತ್ರದ ಈ ಅಧಿಕಪ್ರಸಂಗ ಏಕೆಂದು ಕೇಳುವವರು ಒಂದನ್ನು ನೆನೆಯಬೇಕು. ಮೈಸೂರಿನಲ್ಲಿ ೧೯೩೫ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಇನ್ನು ಪ್ರಕೃತಕ್ಕೆ ಬರೋಣ. ಮುನ್ನೂರನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದವು ಮೀಟರುಗಳಲ್ಲಿ ದೊರೆಯುತ್ತದೆ: ೫ ಮೆಗಾಹರ್ಟ್ಸಿಗೆ ೬೦ ಮೀಟರು, ೧೦ಕ್ಕೆ ೩೦, ೧೫ಕ್ಕೆ ೨೦. ಚಿಕ್ಕ ರೇಡಿಯೋದ ಮೇಲಿರುವ, ಎಳೆದು ಉದ್ದಮಾಡುವ ಕಡ್ಡಿಯಾದರೋ ಒಂದು ಮೀಟರನ್ನು ಮುಟ್ಟುವುದು ವಿರಳ. ಅರವತ್ತು ಮೀಟರಿನ ಅಲೆಯ ಮುಂದೆ ಮೊಣಕಾಲುದ್ದದ ಕಡ್ಡಿ ಏನು ಮಾಡೀತು ಎಂದು ತೋರುವುದು ಸಹಜ. ಆದರೆ ಆ ಪೆಟ್ಟಿಗೆಗಳಲ್ಲಿ ಬಲವರ್ಧನೆಗೆ ಕೊರತೆಯಿಲ್ಲ. ಬಯಲಿನಲ್ಲಿ ನಿಂತು ಕೇಳಿದರೆ ಕಡ್ಡಿಯೊಂದರಿಂದಲೇ ಬಹಳಷ್ಟು ಕೇಳಿಸುತ್ತದೆ. ಕಿರುತರಂಗದಲ್ಲಿ ಕೇಳ್ಮೆಯನ್ನು ಕೆಡಿಸುವುದು ಸಂಕೇತದ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಸುತ್ತಲಿನ ಗದ್ದಲ. ಆಂಟೆನಾವನ್ನು ಉದ್ದಮಾಡಿದಂತೆ ಸಂಕೇತವೂ ಗದ್ದಲವೂ ಒಟ್ಟಿಗೇ ಬೆಳೆಯುತ್ತವೆ. ಒಂದು ಮಿತಿಯನ್ನು ದಾಟಿದ ಮೇಲೆ ಲಾಭವೇನೂ ಇಲ್ಲ. ಆದ್ದರಿಂದ ಪ್ರವಾಸಿಯು ಕೇಳಬೇಕಾದ ಪ್ರಶ್ನೆ ‘ಯಾವ ಆಂಟೆನಾ ಹೆಚ್ಚು ಎಳೆಯುತ್ತದೆ’ ಎಂಬುದಲ್ಲ, ‘ಯಾವುದು ನನ್ನನ್ನು ಗದ್ದಲದಿಂದ ದೂರ ಒಯ್ಯುತ್ತದೆ’ ಎಂಬುದು. ಅಂಗಡಿಗಳ ಜಾಹೀರಾತುಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ.

ಚೀಲದಲ್ಲಿ ಹಿಡಿಯುವಂಥವುಗಳಲ್ಲಿ ಪರಿಗಣನೆಗೆ ಅರ್ಹವಾದವು ಎರಡೇ. ಒಂದು, ಸುರುಳಿ ಪೆಟ್ಟಿಗೆಯಲ್ಲಿ ಸುತ್ತಿದ ಆರೇಳು ಮೀಟರು ಉದ್ದದ ತಂತಿ. ಇದರ ತುದಿಯ ಕ್ಲಿಪ್ಪನ್ನು ಕಡ್ಡಿಗೆ ಕಚ್ಚಿಸಬಹುದು, ಅಥವಾ ರೇಡಿಯೋದಲ್ಲಿ ಹೊರ ಆಂಟೆನಾಕ್ಕೆ ತೂತಿದ್ದರೆ ಅಲ್ಲಿ ಸಿಕ್ಕಿಸಬಹುದು. ಅನೇಕ ಚಿಕ್ಕ ರೇಡಿಯೋಗಳ ಜತೆಗೇ ಇದು ಬರುತ್ತದೆ. ಬರದಿದ್ದರೆ ಯಾವುದೇ ಪೇಟೆಯಲ್ಲಿ ದೊರೆಯುವ ತೆಳುವಾದ ಹೊದಿಕೆಯ ತಂತಿಯಿಂದ ಮಾಡಿಕೊಳ್ಳಬಹುದು. ಇನ್ನೊಂದು ಲೂಪ್, ಅರ್ಥಾತ್ ಬಳೆಯಾಕಾರದ ಆಂಟೆನಾ. ಸುಮಾರು ಅರ್ಧ ಮೀಟರಿನ ಬಳೆ, ಅದರ ಬುಡದಲ್ಲಿ ಬಲವರ್ಧಕ, ಅಲ್ಲಿಂದ ಕೋಣೆಯೊಳಗೆ ಬರುವ ಕೇಬಲ್ಲು. ಎಂಎಲ್‌ಎ ೩೦ ಎಂಬ ಹೆಸರಿನಲ್ಲಿ ಅಗ್ಗವಾಗಿ ದೊರೆಯುವುದು ಈ ಜಾತಿಯದು. ಬಲವರ್ಧಕವನ್ನು ಜೋಡಿಸಿದ ಗಿಡ್ಡ ಕಡ್ಡಿಗಳೂ ಉಂಟು. ಅವು ಕೋಣೆಯ ಗದ್ದಲವನ್ನೇ ಹಿಗ್ಗಿಸಿ ಕೊಡುವುದರಿಂದ ಅವುಗಳ ಗೊಡವೆ ಬೇಡ. ಹಿಂದಿನ ಕಾಲದ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಬಿಗಿಯುತ್ತಿದ್ದ ತಾಮ್ರದ ಜಾಲರಿಪಟ್ಟಿಯ ಏರಿಯಲ್ಲು ಇಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ವಸ್ತುಸಂಗ್ರಹಕ್ಕೆ ತರಬೇಕೇ ವಿನಾ ಪ್ರವಾಸಕ್ಕಲ್ಲ.

ಲೂಪಿನ ಗುಣವಿರುವುದು ಅದರ ಕಿವುಡಿನಲ್ಲಿ. ಬಳೆಯು ತನ್ನ ಮೈಗೆ ನೇರ ಎದುರಿನಿಂದ, ಎಂದರೆ ಬಳೆಯ ತೂತು ತೋರುವ ದಿಕ್ಕಿನಿಂದ, ಸಮತಲದಲ್ಲಿ ಬರುವ ಅಲೆಗೆ ಕಿವಿಗೊಡುವುದಿಲ್ಲ. ಗದ್ದಲದ ಮೂಲ ಒಂದೇ ದಿಕ್ಕಿನಲ್ಲಿದ್ದರೆ ಬಳೆಯನ್ನು ಮೆಲ್ಲಗೆ ತಿರುಗಿಸಿ ಅದನ್ನು ಅಡಗಿಸಬಹುದು; ದೂರದ ಕೇಂದ್ರವು ಅಯಾನುಗೋಳದಿಂದ ಪ್ರತಿಫಲಿಸಿ ಓರೆಯಾಗಿ ಮೇಲಿನಿಂದ ಬರುವುದರಿಂದ ಅದಕ್ಕೆ ಅಷ್ಟಾಗಿ ಹಾನಿಯಿಲ್ಲ. ವಾಡಿಯಂಥ ಊರಿನಲ್ಲಿ ಇದು ದೊಡ್ಡ ಉಪಕಾರ. ನಿಜಾಮರ ರೈಲ್ವೆಯು ೧೮೭೪ರಲ್ಲಿ ಸಿಕಂದರಾಬಾದಿಗೆ ಹಾಕಿದ ಮಾರ್ಗ ಮುಂಬಯಿ–ಮದ್ರಾಸ್ ಮಾರ್ಗದಿಂದ ಕವಲೊಡೆಯುವುದು ಇಲ್ಲಿಯೇ. ಇಂದು ಆ ಹಳಿಗಳ ಮೇಲೆ ೨೫,೦೦೦ ವೋಲ್ಟಿನ ತಂತಿಯಿದೆ. ಎಂಜಿನ್ನಿನ ಮೇಲ್ಗೈ ತಂತಿಯನ್ನು ಉಜ್ಜಿ ಕಿಡಿ ಹಾರಿದಾಗಲೆಲ್ಲ ರೇಡಿಯೋದಲ್ಲಿ ಚರಪರ ಸದ್ದು. ಸಿಮೆಂಟು ಕಾರ್ಖಾನೆಯ ಭಾರಿ ವಿದ್ಯುತ್ ಮಾರ್ಗಗಳು ಬೇರೆ. ಶಹಾಬಾದಿನಲ್ಲಿಯೂ ರೈಲು ಹಾದುಹೋಗುತ್ತದೆ. ಫರಸಿಯನ್ನು ಕೊಯ್ಯುವ ಯಂತ್ರಗಳ ಮೋಟಾರುಗಳು ಹಗಲೆಲ್ಲ ತಿರುಗುತ್ತಿರುತ್ತವೆ. ಈ ಎರಡು ಊರುಗಳಲ್ಲಿ ವಸತಿಗೃಹದ ಕೋಣೆಯಿಂದಲೇ ಕೇಳಬೇಕಾದವರು ಲೂಪನ್ನು ಕಿಟಕಿಯ ಹೊರಗೆ ಹಿಡಿದು ತಿರುಗಿಸಲಿ. ಅದಕ್ಕೆ ಬೇಕಾದ ೫ ವೋಲ್ಟನ್ನು ಗೋಡೆಯ ಚಾರ್ಜರಿನಿಂದ ಕೊಡಬಾರದು. ಚಾರ್ಜರೇ ಗದ್ದಲದ ತವರು. ಎಲ್‌ಇಡಿ ದೀಪವನ್ನು ಆರಿಸಿ, ಚಾರ್ಜರನ್ನು ಕಿತ್ತು, ರೇಡಿಯೋವನ್ನು ಬ್ಯಾಟರಿಯ ಮೇಲೆ ನಡೆಸಿದರೆ ಅರ್ಧದಷ್ಟು ತೊಂದರೆ ಆಂಟೆನಾ ಬದಲಿಸದೆಯೇ ತೀರುವುದುಂಟು.

ಸೇಡಂ, ಚಿತ್ತಾಪುರಗಳು ಮಧ್ಯಮ ಬಗೆಯವು. ಊರೊಳಗೆ ಗದ್ದಲವಿದ್ದರೂ ಒಂದೆರಡು ಕಿಲೋಮೀಟರು ತೊಗರಿ ಹೊಲಗಳ ಕಡೆ ನಡೆದರೆ ಅದು ಕುಗ್ಗುತ್ತದೆ, ತಂತಿಯೇ ಸಾಕು. ಮಳಖೇಡ, ನಾಗಾವಿ, ಸನ್ನತಿಗಳಿಗೆ ಹೋದವರು ಸ್ಮಾರಕದ ಕಂಬಕ್ಕಾಗಲಿ ಕೋಟೆಯ ಕಲ್ಲಿಗಾಗಲಿ ತಂತಿಯನ್ನು ಕಟ್ಟತಕ್ಕದ್ದಲ್ಲವೆಂಬುದನ್ನು ನಮ್ಮ ವಿಭಾಗದವರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಚಿಂಚೋಳಿಯ ಮಾತೇ ಬೇರೆ. ಪಟ್ಟಣಕ್ಕೆ ರೈಲಿಲ್ಲ, ಸುತ್ತ ಕೆಂಪು ಗುಡ್ಡಗಳು, ಕುರುಚಲು ಕಾಡು. ಊರ ಹೊರಗೆ ಬೇವಿನ ಮರವೊಂದಕ್ಕೆ ಏಳು ಮೀಟರು ತಂತಿ ಕಟ್ಟಿ ಕುಳಿತರೆ, ಲೂಪನ್ನು ಚೀಲದಿಂದ ತೆಗೆಯಬೇಕೆಂದು ನಮಗೆ ತೋರುವುದಿಲ್ಲ. ಇಲ್ಲಿ ಇನ್ನೂ ಒಂದು ವಿಶೇಷವುಂಟು. ೧೯೪೮ರಲ್ಲಿ ಈ ಸೀಮೆಯ ಬಹುಪಾಲು ಹಳ್ಳಿಗಳಲ್ಲಿ ವಿದ್ಯುತ್ತಿರಲಿಲ್ಲ. ರೇಡಿಯೋಗಳು ಬ್ಯಾಟರಿಯ ಮೇಲೆ ನಡೆಯುವ ಕವಾಟದ ಯಂತ್ರಗಳು. ಅಂದಿನ ಕೇಳುಗನಿಗೆ ಇಂದಿನ ಗದ್ದಲದ ಪರಿಚಯವೇ ಇರಲಿಲ್ಲ. ವಾಡಿಯಲ್ಲಿ ಇಂದು ಕೇಳದ್ದು ಅಂದು ಕೇಳಿಸುತ್ತಿರಲಿಲ್ಲವೆಂದು ತೀರ್ಮಾನಿಸುವುದು ಆದಕಾರಣ ತಪ್ಪಾದೀತು. ಅಂದಿನ ಸ್ಥಿತಿಗೆ ಸಮೀಪವಾದದ್ದು ಚಿಂಚೋಳಿಯ ಗುಡ್ಡವೇ.

ತಂತಿಯನ್ನು ಕಟ್ಟುವ ರೀತಿಯಲ್ಲಿ ಎಚ್ಚರ ಬೇಕು. ಮದ್ರಾಸು ಸೇಡಂಗೆ ಸುಮಾರು ೫೫೦ ಕಿಲೋಮೀಟರು, ಮುಂಬಯಿ ೫೧೦. ಇಷ್ಟು ಸಮೀಪದ ಕೇಂದ್ರದ ಅಲೆಯು ಸುಮಾರು ಮುನ್ನೂರು ಕಿಲೋಮೀಟರು ಎತ್ತರದ ಪದರದಿಂದ ತಿರುಗಿ ಬರುವಾಗ ಬಹಳ ಕಡಿದಾಗಿ, ಐವತ್ತು ಡಿಗ್ರಿಯ ಆಸುಪಾಸಿನಲ್ಲಿ, ಇಳಿಯುತ್ತದೆ. ನೆಟ್ಟಗೆ ನಿಂತ ಕಡ್ಡಿಗೆ ನೆತ್ತಿಯ ಮೇಲಿನದು ಕೇಳುವುದಿಲ್ಲ. ಅಡ್ಡಲಾಗಿ ಬಿಗಿದ ತಂತಿಗೆ ಚೆನ್ನಾಗಿ ಕೇಳುತ್ತದೆ. ಆದ್ದರಿಂದ ತಂತಿಯನ್ನು ಮರದಿಂದ ಇಳಿಬಿಡದೆ, ಎರಡು ಆಳೆತ್ತರದಲ್ಲಿ ಅಡ್ಡಲಾಗಿ ಕಟ್ಟಬೇಕು. ಹಿರಿಯರು ಮಾಳಿಗೆಯ ಮೇಲೆ ಎರಡು ಬೊಂಬುಗಳ ನಡುವೆ ತಂತಿ ಎಳೆದಿತ್ತೆಂದು ಹೇಳಿದರೆ ಆ ಒಂದು ವಿವರವೇ ಅವರ ಸಾಕ್ಷ್ಯಕ್ಕೆ ತೂಕವನ್ನು ಕೂಡಿಸುತ್ತದೆ. ಸುಮಾರು ೧,೨೭೦ ಕಿಲೋಮೀಟರು ದೂರದ ದೆಹಲಿಯ ಅಲೆ ಇಷ್ಟು ಕಡಿದಾಗಿ ಇಳಿಯುವುದಿಲ್ಲ. ಅಲ್ಲಿ ಕಡ್ಡಿಯೂ ನಡೆಯುತ್ತದೆ.

ಅಂದಿನ ಪ್ರೇಷಕಗಳು ಇಂದು ಇಲ್ಲವಷ್ಟೆ. ಹೋಲಿಕೆಗೆ ಏನನ್ನು ಕೇಳಬೇಕು? ಹವ್ಯಾಸಿ ರೇಡಿಯೋದವರು ೭ ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬೆಳಗಿನ ಹೊತ್ತು ಪರಸ್ಪರ ಮಾತನಾಡುತ್ತಾರೆ. ಅವರ ಶಕ್ತಿ ಸಾಧಾರಣವಾಗಿ ನೂರು ವಾಟಿನ ಸುತ್ತಮುತ್ತ. ಚೆನ್ನೈಯ ಒಬ್ಬ ಹವ್ಯಾಸಿಯ ನೂರು ವಾಟು ಚಿಂಚೋಳಿಯಲ್ಲಿ ಏಳು ಮೀಟರು ತಂತಿಗೆ ಕೇಳಿಸಿದರೆ, ಹಲವು ಕಿಲೋವಾಟುಗಳ ಮದ್ರಾಸು ಅಂಥದೇ ತರಂಗದಲ್ಲಿ ಅಂದು ಕೇಳಿಸಿತೆಂಬ ಮಾತನ್ನು ಅಸಂಭವವೆನ್ನಲಾಗದು. ಇದಕ್ಕಾಗಿ ಏಕಪಾರ್ಶ್ವಪಟ್ಟಿಯನ್ನು, ಎಂದರೆ ರೇಡಿಯೋದ ಮೇಲೆ ಎಸ್‌ಎಸ್‌ಬಿ ಎಂದು ಗುರುತಿಸಿರುವುದನ್ನು, ಬಿಡಿಸಬಲ್ಲ ಯಂತ್ರವೇ ಬೇಕು. ಕೊಳ್ಳುವಾಗ ಇದನ್ನೂ, ಹೊರ ಆಂಟೆನಾದ ತೂತನ್ನೂ ಮೊದಲು ನೋಡಬೇಕು.

ಈ ಕೆಲಸವನ್ನು ಮುಂದೂಡಬಾರದೆಂಬುದಕ್ಕೆ ಸಾಕ್ಷಿಗಳ ವಯಸ್ಸಲ್ಲದೆ ಇನ್ನೊಂದು ಕಾರಣ ಆಕಾಶದಲ್ಲಿದೆ. ಕಿರುತರಂಗವನ್ನು ಪ್ರತಿಫಲಿಸುವ ಪದರವು ಸೂರ್ಯನ ಕಲೆಗಳ ಸುಮಾರು ಹನ್ನೊಂದು ವರ್ಷಗಳ ಏರಿಳಿತವನ್ನು ಅನುಸರಿಸುತ್ತದೆ. ೧೯೪೭ರಲ್ಲಿ ಅದು ಶಿಖರವನ್ನು ಮುಟ್ಟಿತ್ತು. ಎಂದರೆ ೧೯೪೮ರ ಸೆಪ್ಟೆಂಬರಿನಲ್ಲಿ ಸೂರ್ಯನು ಶಿಖರದಿಂದ ಕೊಂಚವೇ ಇಳಿದಿದ್ದನು. ಈಚಿನ ಶಿಖರ ೨೦೨೪ರದು. ಎತ್ತರದಲ್ಲಿ ೧೯೪೭ರದಕ್ಕೆ ಸಮನಲ್ಲದಿದ್ದರೂ, ಅದರ ಬೆನ್ನಿಗೇ ಬರುವ ಒಂದೆರಡು ವರ್ಷಗಳು ನಮ್ಮ ಹೋಲಿಕೆಗೆ ದೊರೆಯುವ ಅತ್ಯಂತ ಸಮೀಪದ ಕಾಲ. ಸೂರ್ಯನು ತಗ್ಗಿಗೆ ಇಳಿದ ಮೇಲೆ ಮೇಲಿನ ಪಟ್ಟಿಗಳು ಮುಚ್ಚುತ್ತಾ ಹೋಗುತ್ತವೆ; ಮತ್ತೆ ಇಂಥ ಸ್ಥಿತಿಗೆ ಸುಮಾರು ಒಂದು ದಶಕ ಕಾಯಬೇಕು. ಅಷ್ಟರಲ್ಲಿ ಮಾತನಾಡಿಸಬೇಕಾದವರು ಯಾರೂ ಉಳಿದಿರಲಾರರು.

ಇವೆಲ್ಲವನ್ನೂ ನೋಡಿದರೆ ವಿಭಾಗದ ಚೀಲಕ್ಕೆ ಮೊದಲು ಸೇರಬೇಕಾದದ್ದು ತಂತಿಯ ಸುರುಳಿ. ವಾಡಿ, ಶಹಾಬಾದುಗಳಲ್ಲಿ ಹಲವು ರಾತ್ರಿ ತಂಗುವವರಿಗೆ ಮಾತ್ರ ಲೂಪು. ತಂತಿ ಬಳಸುವವರಿಗೆ ಎರಡು ಎಚ್ಚರಿಕೆಗಳುಂಟು. ಉದ್ದ ತಂತಿಯನ್ನು ಜೋಡಿಸಿದಾಗ ಒಂದೇ ಕೇಂದ್ರ ಹಲವು ಸ್ಥಾನಗಳಲ್ಲಿ ಕೇಳಿಸತೊಡಗಿದರೆ ಯಂತ್ರಕ್ಕೆ ಉಣಿಸು ಹೆಚ್ಚಾಯಿತೆಂದು ತಿಳಿದು, ದೂರ–ಸಮೀಪ ಗುಂಡಿಯನ್ನು ಸಮೀಪಕ್ಕೆ ಸರಿಸಬೇಕು ಅಥವಾ ತಂತಿಯನ್ನು ಅರ್ಧ ಸುತ್ತಿಡಬೇಕು. ಬೇಸಗೆಯ ಒಣಗಾಳಿಯಲ್ಲಿ ನೇತಾಡಿದ ತಂತಿಯು ವಿದ್ಯುದಾವೇಶವನ್ನು ಕೂಡಿಸಿಕೊಂಡು ರೇಡಿಯೋದ ಮೊದಲ ಟ್ರಾನ್ಸಿಸ್ಟರನ್ನೇ ಸುಡಬಲ್ಲದು. ಜೋಡಿಸುವ ಮುನ್ನ ಅದರ ಬರಿತುದಿಯನ್ನು ಒದ್ದೆ ನೆಲಕ್ಕೆ ನೆಟ್ಟ ಕಬ್ಬಿಣಕ್ಕೆ ಮುಟ್ಟಿಸಬೇಕು. ಮುಂಗಾರಿನ ಮೊದಲ ಮೋಡ ಚಿಂಚೋಳಿಯ ಗುಡ್ಡದ ಮೇಲೆ ಕಂಡೊಡನೆ ತಂತಿಯನ್ನು ಕಳಚಿ ಸುತ್ತಿ, ಮರದಿಂದ ದೂರ ಸರಿಯತಕ್ಕದ್ದು.