ನೀಲಿ ಹೊಗೆ ಕಂಡ ಕೂಡಲೇ ಟರ್ಬೊಗೆ ಬೈಬೇಡಿ

ಮೂರು ವರ್ಷದ ಹಿಂದೆ ಇದೇ ಮ್ಯಾಗಜಿನ್ ನೋಡಿಕೊಳ್ಳುತ್ತಿದ್ದ ನಮ್ಮ ಸೀನಿಯರ್ ಒಬ್ಬರು ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕೆಲಸದಲ್ಲಿದ್ದಾರೆ. ಹೋದ ವರ್ಷ ಕೂಡಿಟ್ಟ ದುಡ್ಡೆಲ್ಲ ಸುರಿದು 1986ರ ಪೋರ್ಷೆ 944 ಟರ್ಬೊ ತಗೊಂಡ್ರು. ನಮಗಿಂತ ಎರಡು ಪಟ್ಟು ವಯಸ್ಸಾದ ಕಾರು. 2.5 ಲೀಟರ್, ನಾಲ್ಕೇ ಸಿಲಿಂಡರ್, 220 ಹಾರ್ಸ್‌ಪವರ್. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಒಂದು ಭಾನುವಾರ ಅವರು ವಿಡಿಯೋ ಕಾಲ್ ಮಾಡಿದ್ರು. ಹಾಸ್ಟೆಲ್ ರೂಮಲ್ಲಿ ನಾವು ನಾಲ್ಕು ಜನ ಒಂದೇ ಫೋನ್ ಸುತ್ತ ಕೂತಿದ್ವಿ. ಅಣ್ಣ ಕ್ಯಾಮೆರಾನ ಕಾರಿನ ಹಿಂದಕ್ಕೆ ಹಿಡಿದು ಆಕ್ಸಿಲರೇಟರ್ ಒತ್ತಿಸಿದ್ರು. ನೀಲಿ ಹೊಗೆ, ಗಣೇಶನ ವಿಸರ್ಜನೆ ದಿನದ ಪಟಾಕಿ ಹಾಗೆ. ಗ್ಯಾರೇಜ್‌ನವರು ನೋಡಿ "ಟರ್ಬೊ ಹೋಗಿದೆ, ಬದಲಾಯಿಸಿ" ಅಂದಿದ್ರಂತೆ. ಅದಕ್ಕೆ ಅವರು ಹೇಳಿದ ರೇಟು ಅಣ್ಣನ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ. ಅಲ್ಲಿ ಎರಡು ವರ್ಷಕ್ಕೊಮ್ಮೆ ಕಾರಿಗೆ ಕಡ್ಡಾಯ ತಪಾಸಣೆ ಇದೆ, ಅದಕ್ಕೆ ಉಳಿದಿದ್ದು ಒಂದೇ ತಿಂಗಳು. "ಥರ್ಮೋ ಓದ್ತಿದೀರಲ್ಲ, ಹೇಳ್ರಪ್ಪ, ನಿಜವಾಗ್ಲೂ ಟರ್ಬೊನೇನಾ?" ಅಂತ ಕೇಳಿದ್ರು. ನಮಗೆ ಗೊತ್ತಿರಲಿಲ್ಲ. ಆಮೇಲಿನ ಎರಡು ವಾರ ನಾವು ಕಲಿತಿದ್ದು ಈ ಲೇಖನ.

ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ, ಬಿಳಿ ಅಂದ್ರೆ ನೀರು, ನೀಲಿ ಅಂದ್ರೆ ಆಯಿಲ್. ನಮ್ಮೂರ ಯಾವ ಬೈಕ್ ಮೆಕ್ಯಾನಿಕ್‌ನ ಕೇಳಿದ್ರೂ ಇಷ್ಟು ಹೇಳ್ತಾರೆ, ಹಳೇ ಆರ್‌ಎಕ್ಸ್ 100 ಹಿಂದೆ ಹೋದವರಿಗೂ ನೀಲಿ ಪರಿಚಯ ಇರುತ್ತೆ. ಆದರೆ ಬಣ್ಣ ಹೇಳೋದು ಏನು ಹೊರಗೆ ಬರ್ತಿದೆ ಅನ್ನೋದನ್ನ ಮಾತ್ರ. ಅದು ಎಂಜಿನ್‌ನ ಯಾವ ಮೂಲೆಯಿಂದ ಬರ್ತಿದೆ ಅಂತ ತಿಳೀಬೇಕಾದ್ರೆ ಹೊಗೆ ಯಾವಾಗ ಬರುತ್ತೆ ಅಂತ ನೋಡಬೇಕು.

ಕಪ್ಪಿನದು ಬೇಗ ಮುಗಿಸ್ತೀವಿ. ಈ ಕಾರಲ್ಲಿ ಒಳಗೆ ಹೋಗೋ ಗಾಳಿಯನ್ನ ಅಳೆಯೋ ಮೀಟರ್ ಟರ್ಬೊಗಿಂತ ಮುಂಚೆ ಇದೆ. ಅಳೆದಾದ ಮೇಲೆ ಟರ್ಬೊ ಗಾಳಿಯನ್ನ ಒತ್ತುತ್ತೆ. ಅಲ್ಲಿಂದ ಮುಂದೆ ಎಲ್ಲಾದ್ರೂ ರಬ್ಬರ್ ಹೋಸ್ ಸೀಳಿದ್ರೆ ಅಳೆದ ಗಾಳಿ ಹೊರಗೆ ಸೋರಿ ಹೋಗುತ್ತೆ. ಕಂಪ್ಯೂಟರ್‌ಗೆ ಅದು ಗೊತ್ತಾಗಲ್ಲ, ಪೂರ್ತಿ ಗಾಳಿಗೆ ಬೇಕಾದಷ್ಟು ಪೆಟ್ರೋಲ್ ಬಿಡುತ್ತೆ. ಹಾಗಾಗಿ ಬೂಸ್ಟ್ ಬಂದಾಗ ಮಾತ್ರ ಕಪ್ಪು ಹೊಗೆ ಬಂದ್ರೆ ಮೊದಲು ಹೋಸ್ ನೋಡಿ. ಸ್ಲೋ ರನ್ನಿಂಗ್‌ನಲ್ಲೂ ಕಪ್ಪು ಇದ್ರೆ ಫ್ಯುಯಲ್ ಪ್ರೆಶರ್ ರೆಗ್ಯುಲೇಟರ್‌ನ ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತು ಮೂಸಿ. ಅದರಲ್ಲಿ ಪೆಟ್ರೋಲ್ ಹಸಿಯಾಗಿ ಸಿಕ್ಕಿದ್ರೆ ಒಳಗಿನ ಡಯಾಫ್ರಂ ಹರಿದಿದೆ ಅಂತಲೇ ಲೆಕ್ಕ.

ಬಿಳಿ ಹೊಗೆಗೆ ಅರ್ಧ ಸಲ ಚಿಕಿತ್ಸೆಯೇ ಬೇಡ. ಚಳಿ ಬೆಳಗ್ಗೆ ಸೈಲೆನ್ಸರ್ ಒಳಗೆ ಕೂತ ನೀರು ಆವಿಯಾಗಿ ಬರುತ್ತೆ, ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತೆ. ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದ್ರೆ ಒಳಗೆ ಕೂಲೆಂಟ್ ಹೋಗ್ತಿದೆ, ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್. ಆದರೆ 944ರಲ್ಲಿ ಇನ್ನೊಂದು ಗೊಂದಲ ಇದೆ. ಇದರ ಆಯಿಲ್ ಕೂಲರ್ ಎಂಜಿನ್ ಬ್ಲಾಕ್‌ಗೇ ಅಂಟಿಕೊಂಡಿದ್ದು, ಒಂದು ಕಡೆ ಆಯಿಲ್, ಇನ್ನೊಂದು ಕಡೆ ನೀರು. ಮಧ್ಯದ ರಬ್ಬರ್ ಸೀಲ್ ಹಳತಾದ್ರೆ ಕೂಲೆಂಟ್ ಟ್ಯಾಂಕ್‌ನಲ್ಲಿ ಬೆಣ್ಣೆ ತರ ಕೆನೆ ತೇಲುತ್ತೆ. ಜನ ಅದನ್ನ ನೋಡಿ ಹೆಡ್ ಗ್ಯಾಸ್ಕೆಟ್ ಅಂತ ಎಂಜಿನ್ ಬಿಚ್ಚಿಬಿಡ್ತಾರೆ. ಕೆನೆ ಇದ್ದು ಬಿಳಿ ಹೊಗೆ ಇಲ್ಲದಿದ್ರೆ ಮೊದಲು ಕೂಲರ್ ಸೀಲ್ ಅನುಮಾನಿಸೋದು ಬುದ್ಧಿವಂತಿಕೆ.

ಈಗ ನೀಲಿ. ಇದು ನೀಲಿ ಯಾಕೆ ಅಂತ ನಮಗೆ ಹೊಳೆದಿದ್ದು ಫಿಸಿಕ್ಸ್ ನೋಟ್ಸ್ ತಿರುವಿದಾಗ. ಆಯಿಲ್ ಬಹಳ ಸಣ್ಣ ಸಣ್ಣ ಹನಿಗಳಾಗಿ ಹೊರಬರುತ್ತೆ, ಅವು ಬೆಳಕಿನಲ್ಲಿ ನೀಲಿಯನ್ನೇ ಹೆಚ್ಚು ಚದುರಿಸ್ತವೆ, ಆಕಾಶ ನೀಲಿ ಕಾಣೋ ಕಾರಣವೇ. ಅದಕ್ಕೇ ಹೊಗೆ ನೋಡುವಾಗ ಹಿಂದೆ ಕಪ್ಪು ಗೋಡೆ ಇದ್ರೆ ಒಳ್ಳೇದು. ಬೆಳಕಿಗೆ ಎದುರಾಗಿ ನೋಡಿದ್ರೆ ಅದೇ ಹೊಗೆ ಕಂದು ಕಾಣಬಹುದು. ಅಣ್ಣನಿಗೆ ಜಾಗ ಬದಲಿಸೋಕೆ ಹೇಳಿದ್ವಿ, ಆದರೂ ನೀಲಿನೇ.

ಆಯಿಲ್ ಹೊರಗೆ ಬರೋಕೆ ಇರೋ ದಾರಿಗಳು ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಮತ್ತು ಟರ್ಬೊ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ಇಳಿದಾಗ ಇನ್‌ಟೇಕ್‌ನಲ್ಲಿ ವ್ಯಾಕ್ಯೂಮ್ ಜೋರಾಗಿ ವಾಲ್ವ್ ಪಕ್ಕದಿಂದ ಆಯಿಲ್ ಎಳೆಯುತ್ತೆ. ಕೆಳಗೆ ಬಂದು ಮತ್ತೆ ಒತ್ತಿದಾಗ ಒಂದು ಮೋಡ ಬಂದ್ರೆ ತಪ್ಪು ವಾಲ್ವ್ ಸೀಲ್ ಅಥವಾ ಗೈಡ್‌ದು. ರಾತ್ರಿಯೆಲ್ಲ ನಿಂತ ಕಾರು ಬೆಳಗ್ಗೆ ಒಂದು ಸಲ 'ಪುಸ್' ಅಂದು ಸುಮ್ಮನಾದ್ರೂ ಅನುಮಾನ ಅಲ್ಲಿಗೇ. ಎಳೆದಷ್ಟೂ, ಲೋಡ್ ಹಾಕಿದಷ್ಟೂ ಹೊಗೆ ಬಂದ್ರೆ ರಿಂಗ್. ಈ ಕಾರಿಗೆ ರಿಂಗ್, ಸಿಲಿಂಡರ್ ಸಮಸ್ಯೆ ಅಂದ್ರೆ ಭಯ ಆಗಬೇಕು. ಸಿಲಿಂಡರ್ ಗೋಡೆಗೆ ಕಬ್ಬಿಣದ ಲೈನರ್ ಇಲ್ಲ, ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ ಬ್ಲಾಕೇ ಗೋಡೆ. ನಮ್ಮೂರ ಲೇತ್ ಅಂಗಡಿಯಲ್ಲಿ ಬೋರ್ ಹೊಡೆಸಿದ ಹಾಗೆ ಅಲ್ಲ.

ಅಣ್ಣನ ಕಾರಿನ ಹೊಗೆ ಇದ್ಯಾವುದಕ್ಕೂ ಹೊಂದಲಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಶುದ್ಧ. ಇಳಿಜಾರಲ್ಲೂ ಶುದ್ಧ. ಹೈವೇಯಲ್ಲಿ ಓಡಿಸಿ ಬಂದು ಸಿಗ್ನಲ್‌ನಲ್ಲಿ ಒಂದೆರಡು ನಿಮಿಷ ನಿಂತು ಹೊರಟಾಗ ಮಾತ್ರ ಮೋಡ. ಕಂಪ್ರೆಷನ್ ಟೆಸ್ಟ್‌ನಲ್ಲಿ ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಸಮ. ರಿಂಗ್ ಉಳಿದಿದೆ ಅಂತ ಅಣ್ಣ ಅವತ್ತು ಕಾಫಿ ಕುಡಿದಿದ್ದನ್ನೂ ಫೋಟೋ ಕಳಿಸಿದ್ರು.

ಆಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ರು. ನಮಗೆ ತುಂಬಾ ಇಷ್ಟವಾದ ಟೆಸ್ಟ್ ಇದೇ. ಒಂದೇ ಪ್ಲಗ್ ಆಯಿಲ್‌ನಿಂದ ಕಪ್ಪಾಗಿದ್ರೆ ಆ ಸಿಲಿಂಡರ್‌ನದೇ ರಿಂಗ್ ಅಥವಾ ವಾಲ್ವ್. ನಾಲ್ಕೂ ಕಪ್ಪಾಗಿದ್ರೆ ಆಯಿಲ್ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗ್ತಿದೆ, ಅಂದ್ರೆ ಇನ್‌ಟೇಕ್ ಗಾಳಿ ಜೊತೆ, ಟರ್ಬೊದ ಕಂಪ್ರೆಸರ್ ಕಡೆಯಿಂದ ಬರ್ತಿರಬಹುದು. ಇವರ ನಾಲ್ಕೂ ಪ್ಲಗ್ ಬಿಸ್ಕತ್ ಬಣ್ಣ, ಒಣಗಿ ಚೆನ್ನಾಗಿದ್ವು. ಇಷ್ಟು ಹೊಗೆ ಬರ್ತಿದೆ, ಪ್ಲಗ್ ಮಾತ್ರ ಸ್ವಚ್ಛ! ಹಾಗಾದ್ರೆ ಆಯಿಲ್ ಸಿಲಿಂಡರ್‌ಗೆ ಹೋಗ್ತಾನೇ ಇಲ್ಲ. ಸಿಲಿಂಡರ್ ದಾಟಿದ ಮೇಲೆ, ಎಕ್ಸಾಸ್ಟ್ ಪೈಪಲ್ಲಿ ನೇರವಾಗಿ ಸೇರ್ತಿದೆ. ಅಲ್ಲಿ ಆಯಿಲ್ ಇರೋ ಜಾಗ ಒಂದೇ, ಟರ್ಬೊದ ಟರ್ಬೈನ್ ಕಡೆ.

"ಹಾಗಾದ್ರೆ ಗ್ಯಾರೇಜ್‌ನವರು ಹೇಳಿದ್ದೇ ಸರಿ" ಅಂತ ನಾವು ಒಪ್ಪಿಕೊಂಡ್ವಿ. ಅಣ್ಣ ದುಡ್ಡು ಹೊಂದಿಸೋಕೆ ಶುರು ಮಾಡಿದ್ರು. ಆಗ ಕಾರಿನ ಹಳೇ ಬಿಲ್‌ಗಳ ಫೈಲಲ್ಲಿ ಒಂದು ಕಾಗದ ಸಿಕ್ತು: ಹಿಂದಿನ ಮಾಲೀಕ ಎರಡು ವರ್ಷದ ಹಿಂದೆಯೇ ಟರ್ಬೊ ರಿಪೇರಿ ಮಾಡಿಸಿದ್ದ. ಎರಡು ವರ್ಷಕ್ಕೆ ಮತ್ತೆ ಹೋಯ್ತಾ? ಶಾಫ್ಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಆಟವೂ ಜಾಸ್ತಿ ಇರಲಿಲ್ಲ.

ಟರ್ಬೊ ಸೀಲ್ ಅಂದ್ರೆ ಏನು ಅಂತ ನಾವು ಸರಿಯಾಗಿ ನೋಡಿದ್ದು ಅವಾಗಲೇ. ನಲ್ಲಿಯಲ್ಲಿರೋ ರಬ್ಬರ್ ವಾಷರ್ ತರ ಅಂದುಕೊಂಡಿದ್ವಿ. ಅಲ್ಲ. ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುತ್ತೆ, ಪಕ್ಕದಲ್ಲೇ ಕೆಂಪಗೆ ಕಾಯೋ ಟರ್ಬೈನ್, ಅಲ್ಲಿ ಯಾವ ರಬ್ಬರೂ ಬದುಕಲ್ಲ. ಇರೋದು ಪಿಸ್ಟನ್ ರಿಂಗ್ ತರದ ಲೋಹದ ಬಳೆ. ಅದು ಆಯಿಲನ್ನ ಪೂರ್ತಿ ತಡೆಯಲ್ಲ. ಟರ್ಬೈನ್ ಕಡೆ ಗ್ಯಾಸ್ ಒತ್ತಡ ಜಾಸ್ತಿ, ಬೇರಿಂಗ್ ಕಡೆ ಒತ್ತಡ ಕಮ್ಮಿ ಅನ್ನೋ ನಂಬಿಕೆ ಮೇಲೆ ಇಡೀ ಡಿಸೈನ್ ನಿಂತಿದೆ. ಬೇರಿಂಗ್‌ಗೆ ಪಂಪ್ ಒತ್ತಿ ಕಳಿಸಿದ ಆಯಿಲ್ ಅಲ್ಲಿ ನೊರೆಯಾಗಿ, ಬರೀ ತನ್ನ ತೂಕದಿಂದ ಕೆಳಗಿನ ದಪ್ಪ ಪೈಪಲ್ಲಿ ಇಳಿದು ಚೇಂಬರ್‌ಗೆ ವಾಪಸ್ ಹೋಗಬೇಕು. ಇಳಿಯೋಕೆ ಅಡ್ಡಿ ಆದ್ರೆ? ಮೆಸ್ ಸಿಂಕ್‌ನಲ್ಲಿ ಅನ್ನ ಸಿಕ್ಕಿಕೊಂಡಾಗ ಆಗೋದೇ ಆಗುತ್ತೆ. ನೀರು ಮೇಲೆ ಬರುತ್ತೆ, ಸಿಂಕ್ ತೂತಾಗಿದೆ ಅಂತ ನಾವು ಹೊಸ ಸಿಂಕ್ ತರಲ್ಲ. ಕಾರು ಓಡುವಾಗ ಟರ್ಬೈನ್ ಒತ್ತಡ ಆಯಿಲನ್ನ ಹೇಗೋ ತಡೆದಿರುತ್ತೆ. ಸಿಗ್ನಲ್‌ನಲ್ಲಿ ನಿಂತಾಗ ಆ ಒತ್ತಡ ಬೀಳುತ್ತೆ, ತುಂಬಿದ ಆಯಿಲ್ ಬಳೆ ದಾಟಿ ಬಿಸಿ ಪೈಪಿಗೆ ಇಳಿಯುತ್ತೆ, ಹೊರಟಾಗ ಮೋಡ ಏಳುತ್ತೆ. ಅಣ್ಣನ ಸಿಗ್ನಲ್ ಕಥೆ ಇದಕ್ಕೆ ಅಕ್ಷರಶಃ ಹೊಂದಿತು.

ಅಡ್ಡಿ ಎರಡು ಕಡೆ ಇರಬಹುದು. ಒಂದು, ಡ್ರೈನ್ ಪೈಪೇ ಕಟ್ಟಿರಬೇಕು. ಎರಡು, ಕ್ರ್ಯಾಂಕ್‌ಕೇಸ್ ಒಳಗೆ ಗಾಳಿ ತುಂಬಿ ಕೆಳಗಿನಿಂದಲೇ ಒತ್ತುತ್ತಿರಬೇಕು. ಎರಡನೇದಕ್ಕೆ ಖರ್ಚಿಲ್ಲದ ಟೆಸ್ಟ್ ಇದೆ. ಆಯಿಲ್ ಹಾಕೋ ಬಾಯಿಗೆ ಒಂದು ತೆಳು ಗ್ಲೌಸ್ ಸಿಕ್ಕಿಸಿ ಎಂಜಿನ್ ಸ್ಲೋ ರನ್ನಿಂಗ್‌ನಲ್ಲಿ ಬಿಡೋದು. ಎಲ್ಲ ಸರಿ ಇದ್ರೆ ಗ್ಲೌಸ್ ಜೋತು ಬೀಳುತ್ತೆ ಅಥವಾ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತೆ. ಇಲ್ಲಿ ಅದು ನಿಧಾನಕ್ಕೆ ಉಬ್ಬಿ ಐದೂ ಬೆರಳು ಬಿಡಿಸಿ ಎದ್ದು ನಿಂತು ನಮಗೆ ಟಾಟಾ ಮಾಡ್ತು. ಹಾಸ್ಟೆಲ್ ವಾರ್ಡನ್ ಬಾಗಿಲು ತಟ್ಟೋವಷ್ಟು ಕಿರುಚಿದ್ವಿ. ರಿಂಗ್ ಚೆನ್ನಾಗಿದೆ ಅಂತ ಆಗಲೇ ಗೊತ್ತಿತ್ತು, ಹಾಗಾಗಿ ತಪ್ಪು ಉಸಿರಾಟದ ಹೋಸ್‌ನದು. ಕಿತ್ತು ನೋಡಿದ್ರೆ ಒಳಗೆ ಹಳೇ ಆಯಿಲ್ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಕೂತಿತ್ತು. ಹೊಸ ಹೋಸ್ ಹಾಕಿದ್ರು, ಗ್ಲೌಸ್ ಜೋತು ಬಿತ್ತು.

ಹೊಗೆ ಅರ್ಧ ಕಮ್ಮಿ ಆಯ್ತು. ಪೂರ್ತಿ ನಿಲ್ಲಲಿಲ್ಲ. ತಪಾಸಣೆಗೆ ಆಗ ಹನ್ನೊಂದು ದಿನ.

ಮುಂದಿನ ಶನಿವಾರ ಅಣ್ಣ ಕಾರಿನ ಕೆಳಗೆ ಮಲಗಿ ಟರ್ಬೊದ ಡ್ರೈನ್ ಪೈಪ್ ಬಿಚ್ಚಿದ್ರು. ಹಿಂದೆ ರಿಪೇರಿ ಮಾಡಿದವರು ಗ್ಯಾಸ್ಕೆಟ್ ಬದಲು ಧಾರಾಳವಾಗಿ ಸಿಲಿಕೋನ್ ಪೇಸ್ಟ್ ಬಳಿದಿದ್ರು. ಬೋಲ್ಟ್ ಬಿಗಿ ಮಾಡಿದಾಗ ಪೇಸ್ಟ್ ಒಳಕ್ಕೆ ಹಿಂಡಿಕೊಂಡು ಒಣಗಿ, ಪೈಪಿನ ಬಾಯಿ ಅರ್ಧ ಮುಚ್ಚಿತ್ತು. ಎರಡು ವರ್ಷದಿಂದ ಆ ಟರ್ಬೊ ಕಟ್ಟಿದ ಸಿಂಕ್ ಇಟ್ಕೊಂಡು ದುಡಿದಿದೆ ಪಾಪ. ಹೊಸ ಟರ್ಬೊ ಹಾಕಿ ಅದೇ ಪೈಪ್ ಕೂರಿಸಿದ್ದಿದ್ರೆ ಅದೂ ಹೊಗೆ ಬಿಡ್ತಿತ್ತು. ಅಣ್ಣ ಪೈಪ್ ಸ್ವಚ್ಛ ಮಾಡಿ ಸರಿಯಾದ ಗ್ಯಾಸ್ಕೆಟ್ ಹಾಕಿದ್ರು. ಹಾಗೇ ಎಂಜಿನ್ ಆಫ್ ಆದ ಮೇಲೂ ಟರ್ಬೊಗೆ ನೀರು ಕಳಿಸೋ ಎಲೆಕ್ಟ್ರಿಕ್ ಪಂಪ್ ಓಡ್ತಿದೆಯಾ ಅಂತಲೂ ನೋಡಿದ್ರು. ಅದು ಸತ್ತಿದ್ರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಿಕಾಗಿ ಮತ್ತೆ ಅದೇ ದಾರಿ ಕಟ್ಟುತ್ತೆ. ಪಂಪ್ ಗುಂಯ್ ಅಂತ ಓಡ್ತಿತ್ತು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ್ರೆ ಮೊದಲಿಗಿಂತ ಜಾಸ್ತಿ ಹೊಗೆ! ಅಣ್ಣನ ಮುಖ ನೋಡೋಕಾಗಲಿಲ್ಲ. ಸೈಲೆನ್ಸರ್ ಒಳಗೆ ತಿಂಗಳುಗಟ್ಟಲೆ ಕೂತ ಆಯಿಲ್ ಎಲ್ಲಿಗೆ ಹೋಗಬೇಕು, ಅದು ಪೂರ್ತಿ ಕಾದು ಸುಟ್ಟು ಖಾಲಿ ಆಗಬೇಕು ಅಂತ ನಮ್ಮಲ್ಲೊಬ್ಬ ಹೇಳ್ದ. ಮನಸ್ಸಿಲ್ಲದ ಮನಸ್ಸಿಂದ ಅವರು ಕಾರನ್ನ ಹೈವೇಗೆ ತಗೊಂಡು ಹೋದ್ರು. ನಮಗಿಲ್ಲಿ ರಾತ್ರಿ ಹನ್ನೊಂದೂವರೆ ಆದಾಗ ಹತ್ತು ಸೆಕೆಂಡಿನ ಒಂದು ವಿಡಿಯೋ ಬಂತು. ಕೆಂಪು ಸಿಗ್ನಲ್, ಎರಡು ನಿಮಿಷ ನಿಂತೆ ಅಂತ ಕೆಳಗೆ ಬರೆದಿದ್ರು. ಹಸಿರಾಯ್ತು, ಕಾರು ಹೊರಟಿತು, ಹಿಂದಿನ ಗಾಜಲ್ಲಿ ಬರೀ ರಸ್ತೆ ಕಾಣ್ತಿತ್ತು.