ಲೆಕ್ಕಕ್ಕೆ ಬಾರದ ರಾಗಿ ಸರಿ

ಮೊಮ್ಮಗಳಿಗೆ ಆರು ತಿಂಗಳು ತುಂಬಿದ ವಾರವೇ ಮಗಳ ಹೆರಿಗೆ ರಜೆಯೂ ಮುಗಿಯಿತು. ವೇತನಸಹಿತ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಎದೆಹಾಲಿನೊಂದಿಗೆ ಪೂರಕ ಆಹಾರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಹೀಗಾಗಿ ಮಗುವಿನ ಅಡುಗೆ ಆರಂಭವಾಗಬೇಕಾದ ದಿನವೇ ತಾಯಿ ಕಚೇರಿಗೆ ಹೊರಡುತ್ತಾಳೆ. ಪತ್ನಿಗೆ ಮಂಡಿನೋವು. ರಾಗಿ ಸರಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದವನು ನಾನು. ನನ್ನ ಇಬ್ಬರು ಮಕ್ಕಳೂ ರಾಗಿ ಸರಿ ಉಂಡೇ ಬೆಳೆದರು. ಆದರೆ ಅದು ಹೇಗೆ ತಯಾರಾಗುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ರಾಗಿಯನ್ನು ಮೊರದಲ್ಲಿ ಕೇರಿ, ನೀರಿನಲ್ಲಿ ಜಾಲಿಸಿ ಕಲ್ಲು ತೆಗೆಯಬೇಕು. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಚೆನ್ನಾಗಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಬೀಸಿಸಿ, ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ನನ್ನ ಮೊದಲ ಪ್ರಯತ್ನ ವಿಫಲವಾಯಿತು. ಮೋಡ ಕವಿದ ದಿನಗಳು. ಅರೆಬರೆ ಒಣಗಿದ ರಾಗಿಯನ್ನು ನಾನು ಡಬ್ಬಿಗೆ ತುಂಬಿಟ್ಟಿದ್ದೆ. ಮೂರನೆಯ ದಿನ ಬೂಷ್ಟು ಹಿಡಿದಿತ್ತು. ಬಿಸಿಲಿಗೆ ಹಾಕಿದರೆ ಸರಿಹೋದೀತೆಂದೆ. ಪತ್ನಿ ಒಪ್ಪಲಿಲ್ಲ. ‘ಇದು ನಿಮ್ಮ ಆಫೀಸಿನ ಫೈಲಲ್ಲ, ನಾಳೆ ನೋಡೋಣ ಅಂತ ಕಟ್ಟಿಡೋಕೆ’ ಎಂದು ಅಷ್ಟನ್ನೂ ಚೆಲ್ಲಿಸಿದಳು. ಬೂಷ್ಟಿನ ವಿಷ ಬಿಸಿಲಿಗೆ ಹೋಗುವಂಥದ್ದಲ್ಲ; ಆಕೆಯ ತೀರ್ಮಾನವೇ ಸರಿ.

ಇಷ್ಟೆಲ್ಲ ಶ್ರಮ ಏಕೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟದು. ಮೊಳಕೆಯ ಮಹತ್ವ ಇನ್ನೂ ಸೂಕ್ಷ್ಮ. ಬರಿ ಹಿಟ್ಟು ಬೆಂದಾಗ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಬೆರೆಸಿದರೆ ಅದರ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಅತಿಯಾಗಿ ಹುರಿದರೆ ಆ ಕಿಣ್ವ ನಾಶವಾಗುತ್ತದೆ. ಹದ ಮೀರಬಾರದೆಂದು ಹಿರಿಯ ಹೆಂಗಸರು ಹೇಳುತ್ತಿದ್ದುದರ ಅರ್ಥ ನನಗೆ ಈಗ ತಿಳಿಯಿತು.

ಮನೆಯಲ್ಲಿ ಮಾಡಿದ್ದೆಲ್ಲ ಪರಿಪೂರ್ಣವೆಂಬ ಭ್ರಮೆಯೂ ಬೇಡ. ರಾಗಿಯೊಂದೇ ಸಾಲದು, ದಿನ ಕಳೆದಂತೆ ಬೇಳೆ, ಸೊಪ್ಪು, ಹಣ್ಣು, ರೂಢಿಯಿದ್ದವರಿಗೆ ಮೊಟ್ಟೆ ಸೇರಬೇಕು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಜೇನು ಬೇಡವೆಂಬುದು ಇಂದಿನ ವೈದ್ಯರ ಸಲಹೆ. ಬೆಲ್ಲ ಹಾಕಿಯೇ ರೂಢಿಯಿದ್ದ ಪತ್ನಿ ಇದನ್ನು ಒಲ್ಲದ ಮನಸ್ಸಿನಿಂದ ಒಪ್ಪಿದ್ದಾಳೆ.

ಎರಡನೆಯ ಸಲ ನಾನು ಗಡಿಯಾರ ನೋಡಿ ಲೆಕ್ಕವಿಟ್ಟೆ. ಎರಡು ಕಿಲೋ ರಾಗಿಗೆ ನಾಲ್ಕು ದಿನಗಳಲ್ಲಿ ಹರಡಿಕೊಂಡ ಐದು ಗಂಟೆಗಳ ದುಡಿಮೆ. ದಿನಕ್ಕೆ ಎರಡು ಮೂರು ಬಾರಿ ಬೇಯಿಸಿ, ಕುಳಿತು ಉಣಿಸುವ ಹೊತ್ತು ಬೇರೆ. ರಾಗಿ ಅಗ್ಗ, ಸಮಯ ದುಬಾರಿ. ಅಂಗಡಿಯ ಡಬ್ಬಿ ಮಾರುವುದು ಹಿಟ್ಟನ್ನಲ್ಲ, ಈ ಗಂಟೆಗಳನ್ನು. ಡಬ್ಬಿ ಕೊಂಡರೆ ಅದು ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಅಜ್ಜಿ ಸೋಸಿದ ಹಿಟ್ಟು ಸೇರುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ವ್ಯಯಿಸಿದರೆ, ಪುರುಷರು ವ್ಯಯಿಸುತ್ತಿದ್ದುದು 97 ನಿಮಿಷ.

ಶಿಶು ಆಹಾರದ ಜಾಹೀರಾತಿಗೆ ಕಾನೂನಿನ ತಡೆಯಿದೆ. 1992ರ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿ, ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೂ ಅದನ್ನು ವಿಸ್ತರಿಸಿತು. ಅದು ಸ್ವಾಗತಾರ್ಹವೇ. ಆದರೆ ಜಾಹೀರಾತನ್ನು ತಡೆದ ಮಾತ್ರಕ್ಕೆ ತಾಯಿಗೆ ಬಿಡುವು ಸಿಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಕನಿಷ್ಠ ಮಟ್ಟದ ಸಮರ್ಪಕ ಆಹಾರ ದೊರೆಯುತ್ತಿದ್ದುದು ನೂರಕ್ಕೆ ಸುಮಾರು 11 ಮಕ್ಕಳಿಗೆ. ಕೂಲಿಗೆ ಹೋಗುವ ತಾಯಿಗೆ 26 ವಾರಗಳ ರಜೆಯೂ ಇಲ್ಲ, ಡಬ್ಬಿ ಕೊಳ್ಳುವ ಹಣವೂ ಇಲ್ಲ.

ಸೇವೆಯಲ್ಲಿದ್ದಾಗ ಅಪೌಷ್ಟಿಕತೆಯ ಕಡತಗಳ ಮೇಲೆ ‘ತಾಯಂದಿರಲ್ಲಿ ಅರಿವು ಮೂಡಿಸತಕ್ಕದ್ದು’ ಎಂದು ನಾನು ಎಷ್ಟೋ ಸಲ ಷರಾ ಬರೆದಿದ್ದೇನೆ. ಆ ತಾಯಂದಿರಿಗೆ ಅರಿವು ನನಗಿಂತ ಹೆಚ್ಚಾಗಿಯೇ ಇತ್ತು. ಇಲ್ಲದಿದ್ದುದು ಹೊತ್ತು. ಕೆಲಸದ ಸ್ಥಳದ ಬಳಿ ಶಿಶುಪಾಲನಾ ಕೇಂದ್ರ, ಮಗುವಿಗೆ ಉಣಿಸಲು ಬಿಡುವು, ಸ್ತ್ರೀಶಕ್ತಿ ಗುಂಪುಗಳು ಊರಲ್ಲೇ ತಯಾರಿಸುವ ಮೊಳಕೆ ಹಿಟ್ಟು: ನಾನು ಬರೆಯಬೇಕಾಗಿದ್ದ ಷರಾ ಇವು.

ಕಡತಗಳು ಈಗ ನನ್ನ ಮುಂದಿಲ್ಲ. ರಾಗಿ ಇದೆ. ಪ್ರತಿ ತಿಂಗಳ ಮೊದಲ ಶನಿವಾರ ರಾತ್ರಿ ನೆನೆಹಾಕುವುದು ನನ್ನ ಕೆಲಸ. ಬಟ್ಟೆಯಲ್ಲಿ ಹಿಟ್ಟು ಸೋಸುವುದನ್ನು ಅಳಿಯನೂ ಕಲಿಯುತ್ತಿದ್ದಾನೆ.