ಟಾರ್ಚ್ ಬಿಡೋ ಹುಡುಗನ ಕನಸಲ್ಲ ಅದು: ‘ಲೂಸಿಯಾ’ ಮತ್ತು ಒಂದು ಹೆಸರಿನ ಬೆಲೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಎಪಿಸೋಡ್ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ಬಗ್ಗೆ. 2013ರ ಸೆಪ್ಟೆಂಬರ್ 6ರಂದು ಬಿಡುಗಡೆಯಾದ ಸಿನಿಮಾ. ನೋಡದೇ ಇರೋರು ಯಾರಾದ್ರೂ ಇದ್ರೆ ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಕಥೆಯ ತಿರುವನ್ನ ಮುಚ್ಚಿಟ್ಟುಕೊಂಡು ಈ ಸಿನಿಮಾ ಬಗ್ಗೆ ಮಾತಾಡೋಕೆ ಆಗಲ್ಲ, ನಾನು ಮುಚ್ಚಿಡೋದೂ ಇಲ್ಲ.

‘ಲೂಸಿಯಾ’ ಅಂದ ಕೂಡಲೇ ಜನ ಎರಡು ಮಾತು ಹೇಳ್ತಾರೆ. ಒಂದು, ಜನರ ದುಡ್ಡಲ್ಲಿ ಆದ ಸಿನಿಮಾ. ಇನ್ನೊಂದು, ತಲೆಗೆ ಹುಳ ಬಿಡೋ ಸಿನಿಮಾ. ದುಡ್ಡಿನ ಕಥೆಯನ್ನ ಒಂದು ಕಡೆ ಇಡ್ತಾರೆ, ತೆರೆ ಮೇಲಿನ ಕಥೆಯನ್ನ ಇನ್ನೊಂದು ಕಡೆ. ನನಗೆ ಮಾತ್ರ ಎರಡೂ ಒಂದೇ ಪ್ರಶ್ನೆಯನ್ನ ಕೇಳ್ತಿರೋ ಹಾಗೆ ಕಾಣತ್ತೆ. ಒಬ್ಬ ಮನುಷ್ಯನ ಹೆಸರಿಗೆ ಮಾರುಕಟ್ಟೆ ಬೆಲೆ ಕಟ್ಟಿದ ಮೇಲೆ, ಆ ಹೆಸರಿನ ಒಳಗಿದ್ದ ಮನುಷ್ಯ ಎಲ್ಲಿಗೆ ಹೋಗ್ತಾನೆ? ನಾನು ಓದಿರೋದು ಬಿಕಾಂ. ಹಾಗಾಗಿ ಲೆಕ್ಕದ ದಾರಿಯಲ್ಲೇ ಹೋಗ್ತೀನಿ, ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಕಥೆ. ನಿಕ್ಕಿ ಬೆಂಗಳೂರಿನ ಒಂದು ಹಳೇ ಚಿತ್ರಮಂದಿರದಲ್ಲಿ ಟಾರ್ಚ್ ಬಿಡೋ ಹುಡುಗ. ಮಲ್ಟಿಪ್ಲೆಕ್ಸ್ ನೋಡಿಕೊಂಡೇ ಬೆಳೆದವರಿಗೆ ಈ ಕೆಲಸ ಏನು ಅಂತಲೇ ಗೊತ್ತಿರಲಿಕ್ಕಿಲ್ಲ. ಸಿನಿಮಾ ಶುರುವಾದ ಮೇಲೆ ಕತ್ತಲಲ್ಲಿ ತಡಕಾಡಿಕೊಂಡು ಬರೋರಿಗೆ ಬೆಳಕು ತೋರಿಸಿ ಸೀಟಿಗೆ ಕೂರಿಸೋದು. ಅಂದ್ರೆ ದಿನಾ ಸಿನಿಮಾ ಒಳಗೇ ಇರ್ತಾನೆ, ಆದ್ರೆ ಅವನ ಬೆನ್ನು ತೆರೆ ಕಡೆಗೆ. ಥಿಯೇಟರ್ ಮಾಲೀಕ ಶಂಕ್ರಣ್ಣ, ಆ ಪಾತ್ರ ಮಾಡಿರೋದು ಅಚ್ಯುತ್ ಕುಮಾರ್. ಥಿಯೇಟರ್ ಸೊರಗಿದೆ, ನಿಕ್ಕಿಗೆ ನಿದ್ದೆ ಬರಲ್ಲ. ನಿದ್ದೆಗೋಸ್ಕರ ಅಲೆಯುವಾಗ ‘ಲೂಸಿಯಾ’ ಅನ್ನೋ ಮಾತ್ರೆ ಸಿಗತ್ತೆ. ಅದನ್ನ ತಗೊಂಡ್ರೆ ಬೇಕಾದ ಬದುಕನ್ನ ಕನಸಲ್ಲಿ ಬದುಕಬಹುದು. ಒಮ್ಮೆ ಶುರು ಮಾಡಿ ಬಿಟ್ರೆ ಕನಸು ದುಃಸ್ವಪ್ನ ಆಗತ್ತೆ ಅನ್ನೋದು ಷರತ್ತು.

(ಇಲ್ಲೊಂದು ಮಾತು. ಕನಸು ಕಾಣ್ತಾ ಇರುವಾಗಲೇ ‘ಇದು ಕನಸು’ ಅಂತ ಗೊತ್ತಿರೋ ಸ್ಥಿತಿ ನಿಜವಾಗಿಯೂ ಇದೆ. ಅದಕ್ಕೆ ‘ಲೂಸಿಡ್ ಡ್ರೀಮ್’ ಅಂತ ಹೆಸರು ಕೊಟ್ಟವರು ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್, 1913ರಲ್ಲಿ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ನಿದ್ದೆಯಲ್ಲಿರೋ ವ್ಯಕ್ತಿ ಮೊದಲೇ ಮಾತಾಡಿಕೊಂಡ ಹಾಗೆ ಕಣ್ಣು ಆಡಿಸಿ ಸಂಕೇತ ಕೊಟ್ಟಿದ್ದನ್ನ ದಾಖಲಿಸಿದರು. ಸಿನಿಮಾದಲ್ಲಿ ಬರೋ ಮಾತ್ರೆ ಮಾತ್ರ ಕಟ್ಟುಕಥೆ, ಮೆಡಿಕಲ್ ಶಾಪ್‌ನಲ್ಲಿ ಕೇಳಬೇಡಿ.)

ನಿಕ್ಕಿಯ ದಿನದ ಬದುಕು ಬಣ್ಣದಲ್ಲಿದೆ. ಮಾತ್ರೆ ತಗೊಂಡ ಮೇಲೆ ಬರೋ ಬದುಕು ಕಪ್ಪು ಬಿಳುಪು. ಅಲ್ಲಿ ಅದೇ ಮುಖ, ಹೆಸರು ನಿಖಿಲ್, ದೊಡ್ಡ ಸಿನಿಮಾ ಸ್ಟಾರ್. ಬಣ್ಣದಲ್ಲಿ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡೋ ಶ್ವೇತಾ, ಕಪ್ಪು ಬಿಳುಪಿನಲ್ಲಿ ಗ್ಲಾಮರ್ ಲೋಕದ ಹುಡುಗಿ. ಇಲ್ಲಿ ಮಾಲೀಕನಾಗಿರೋ ಶಂಕ್ರಣ್ಣ, ಅಲ್ಲಿ ಸ್ಟಾರ್‌ನ ವ್ಯವಹಾರ ನೋಡಿಕೊಳ್ಳೋನು. ಎರಡೂ ಕಥೆ ಜೊತೆಜೊತೆಗೆ ನಡೀತಾ ಹೋಗತ್ತೆ. ನಾವು ಕೂತುಕೊಂಡು ‘ಪಾಪ, ಟಾರ್ಚ್ ಬಿಡೋನು ಹೀರೋ ಆಗೋ ಕನಸು ಕಾಣ್ತಿದ್ದಾನೆ’ ಅಂತ ಅಂದುಕೊಳ್ತೀವಿ.

ಅದು ಉಲ್ಟಾ. ನಿಜವಾಗಿ ಇರೋನು ಸ್ಟಾರ್ ನಿಖಿಲ್. ಮಾತ್ರೆ ತಗೊಳ್ತಾ ಇರೋನೂ ಅವನೇ. ಅವನು ದುಡ್ಡು ಕೊಟ್ಟು ಕಾಣ್ತಿರೋ ಕನಸೇ ನಿಕ್ಕಿ.

ಈ ತಿರುವು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂತ ಯೋಚನೆ ಮಾಡಿ. ಕಪ್ಪು ಬಿಳುಪು ಅಂದ್ರೆ ಫ್ಲ್ಯಾಶ್‌ಬ್ಯಾಕ್ ಅಥವಾ ಕನಸು ಅನ್ನೋ ರೂಢಿ ನಮ್ಮ ಕಣ್ಣಿಗಿದೆ, ಅದು ಒಂದು ಕಾರಣ. ಆದ್ರೆ ದೊಡ್ಡ ಕಾರಣ ಅದಲ್ಲ. ‘ಸ್ಟಾರ್ ಆಗೋದು’ ಅನ್ನೋದೇ ಕನಸು, ‘ಸಾಮಾನ್ಯನಾಗಿರೋದು’ ಅನ್ನೋದೇ ವಾಸ್ತವ ಅಂತ ನಾವು ಟಿಕೆಟ್ ತಗೊಳ್ಳೋಕೆ ಮುಂಚೆನೇ ತೀರ್ಮಾನ ಮಾಡಿರ್ತೀವಿ. ಪವನ್ ನಮಗೆ ಸುಳ್ಳು ಹೇಳಲೇ ಇಲ್ಲ. ನಾವೇ ನಮಗೆ ಹೇಳಿಕೊಂಡ್ವಿ, ಅವರು ತಡೀಲಿಲ್ಲ ಅಷ್ಟೇ.

ಈಗ ದುಡ್ಡಿನ ಕಡೆಗೆ ಬರೋಣ.

ಗಾಂಧಿನಗರದ ಲೆಕ್ಕದಲ್ಲಿ ಹೀರೋ ಅಂದ್ರೆ ನಟ ಮಾತ್ರ ಅಲ್ಲ, ಜಾಮೀನು. ಕರ್ನಾಟಕದ ಸಿಂಗಲ್ ಸ್ಕ್ರೀನ್ ಥಿಯೇಟರ್‌ಗಳಲ್ಲಿ ಬಹುಪಾಲು ನಡೆದು ಬಂದಿರೋದು ಬಾಡಿಗೆ ಪದ್ಧತಿ. ವಾರಕ್ಕೆ ಇಷ್ಟು ಅಂತ ಥಿಯೇಟರ್ ಬಾಡಿಗೆ, ಅದನ್ನ ನಿರ್ಮಾಪಕ ಅಥವಾ ವಿತರಕ ಕಟ್ಟಬೇಕು. ಜನ ಬರಲಿ ಬಿಡಲಿ, ಬಾಡಿಗೆ ಬಾಡಿಗೆನೇ. ಮಲ್ಟಿಪ್ಲೆಕ್ಸ್‌ನಲ್ಲಿ ಬಂದ ಕಲೆಕ್ಷನ್‌ನಲ್ಲಿ ಪರ್ಸೆಂಟೇಜ್ ಹಂಚಿಕೆ, ಅಲ್ಲಿ ನಷ್ಟವೂ ಹಂಚಿಹೋಗತ್ತೆ. ಬಾಡಿಗೆ ಪದ್ಧತಿಯಲ್ಲಿ ಮೊದಲ ಶುಕ್ರವಾರ ಬೆಳಗಿನ ಆಟಕ್ಕೆ ಸೀಟು ತುಂಬದೇ ಹೋದ್ರೆ, ಪೂರ್ತಿ ನಷ್ಟ ಒಬ್ಬನ ತಲೆ ಮೇಲೆ. ಅದಕ್ಕೇ ವಿತರಕ ಏರಿಯಾ ಲೆಕ್ಕದಲ್ಲಿ, ಅಂದ್ರೆ ಬೆಂಗಳೂರು–ಕೋಲಾರ–ತುಮಕೂರು ಸೇರಿಸಿ ಬಿಕೆಟಿ ಅಂತಾರಲ್ಲ ಆ ಥರ, ಮುಂಗಡ ಕೊಡೋಕೆ ಮುಂಚೆ ಕೇಳೋ ಮೊದಲ ಪ್ರಶ್ನೆ ‘ಹೀರೋ ಯಾರು’. ಟಿವಿ ಚಾನೆಲ್‌ನವರು ಸ್ಯಾಟಲೈಟ್ ರೈಟ್ಸ್‌ಗೆ ಕೇಳೋದೂ ಅದೇ. ಕಥೆ ಏನು ಅನ್ನೋದು ಆಮೇಲೆ.

ಇದನ್ನ ದುರಾಸೆ ಅಂತ ಬೈಯೋಕೆ ನನಗೆ ಮನಸ್ಸಿಲ್ಲ. ಬ್ಯಾಂಕಿನವರು ಸಾಲಕ್ಕೆ ಮನೆ ಪತ್ರ ಕೇಳ್ತಾರೆ, ಅದನ್ನ ನಾವು ದುರಾಸೆ ಅನ್ನಲ್ಲ. ಆದ್ರೆ ಇಲ್ಲಿ ಅಡ ಇಟ್ಟಿರೋದು ಮನೆಯನ್ನಲ್ಲ, ಒಬ್ಬ ಜೀವಂತ ಮನುಷ್ಯನ ಹೆಸರನ್ನ. ಆ ಹೆಸರಿನ ಮೌಲ್ಯ ಇಳಿಯಬಾರದು ಅಂದ್ರೆ ಅವನು ಇಂಥದ್ದೇ ಪಾತ್ರ ಮಾಡಬೇಕು, ಇಂಥವರ ಜೊತೆಗೇ ಕಾಣಿಸಿಕೊಳ್ಳಬೇಕು. ಅಡ ಇಟ್ಟ ಮನೆಯಲ್ಲಿ ಗೋಡೆ ಒಡೆಯೋಕೂ ಬ್ಯಾಂಕಿನ ಒಪ್ಪಿಗೆ ಬೇಕಲ್ಲ, ಹಾಗೆ. ಕಪ್ಪು ಬಿಳುಪಿನ ನಿಖಿಲ್‌ನ ಉಸಿರುಗಟ್ಟುವಿಕೆ ನನಗೆ ಅರ್ಥ ಆಗಿದ್ದು ಈ ಲೆಕ್ಕ ಹಾಕಿದ ಮೇಲೆ.

ಪವನ್ ಕುಮಾರ್ ಆಗ ಹೊಸಬರೇನಲ್ಲ. ಯೋಗರಾಜ್ ಭಟ್ ಜೊತೆ ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳ ಬರವಣಿಗೆಯಲ್ಲಿದ್ದರು, 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶನ ಮಾಡಿದ್ದರು. ಆದ್ರೂ ಈ ಸ್ಕ್ರಿಪ್ಟ್‌ಗೆ ಜಾಮೀನು ನಿಲ್ಲೋ ಹೆಸರು ಸಿಗಲಿಲ್ಲ. ಆ ಹತಾಶೆಯನ್ನ ಅವರು ತಮ್ಮ ಬ್ಲಾಗ್‌ನಲ್ಲಿ ಬರೆದುಕೊಂಡರು. ಶೀರ್ಷಿಕೆ ‘ಮೇಕಿಂಗ್ ಎನಿಮೀಸ್’, ಶತ್ರುಗಳನ್ನ ಮಾಡಿಕೊಳ್ಳೋದು ಅಂತ. ಓದಿದವರು ‘ನಾವೇ ದುಡ್ಡು ಹಾಕ್ತೀವಿ’ ಅಂತ ಮುಂದೆ ಬಂದರು. 27 ದಿನದಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಸೇರಿತು.

ಆ ಸಂಖ್ಯೆಯನ್ನ ಸ್ವಲ್ಪ ಒಡೆದು ನೋಡಿ. 51 ಲಕ್ಷವನ್ನ 110ರಿಂದ ಭಾಗಿಸಿದ್ರೆ ತಲಾ ಸರಾಸರಿ 46,000 ಚಿಲ್ಲರೆ. ಇದು ಗಣೇಶನ ಹಬ್ಬಕ್ಕೆ ಚಂದಾ ಕೊಟ್ಟ ಹಾಗಲ್ಲ. ಎಷ್ಟೋ ಮನೆಗಳಲ್ಲಿ ಒಂದು ಬೈಕ್‌ನ ದುಡ್ಡು ಅದು. ಹಾಕಿದವರನ್ನ ಸಿನಿಮಾ ತಂಡ ನಿರ್ಮಾಪಕರು ಅಂತಲೇ ಕರೀತು. ಒಬ್ಬ ದೊಡ್ಡ ಹೀರೋ ಕೊಡಬೇಕಾಗಿದ್ದ ಜಾಮೀನನ್ನ 110 ಜನ ಹಂಚಿಕೊಂಡರು, ಒಬ್ಬೊಬ್ಬರ ತಲೆ ಮೇಲೆ ಬಿದ್ದ ರಿಸ್ಕ್ ತಾಳಿಕೊಳ್ಳೋ ಅಷ್ಟಕ್ಕೆ ಇಳೀತು. ಆಗ ನಮ್ಮಲ್ಲಿ ಇಂಥದ್ದಕ್ಕೆ ಸರಿಯಾದ ನಿಯಮಗಳ ಚೌಕಟ್ಟೂ ಇರಲಿಲ್ಲ. ಕ್ರೌಡ್‌ಫಂಡಿಂಗ್ ಬಗ್ಗೆ ಸೆಬಿ ಒಂದು ಚರ್ಚಾ ಪತ್ರ ಹೊರಡಿಸಿದ್ದೇ 2014ರ ಜೂನ್‌ನಲ್ಲಿ, ‘ಲೂಸಿಯಾ’ ಥಿಯೇಟರ್‌ಗೆ ಬಂದು ಹೋದ ಮೇಲೆ.

ಹೀರೋನ ಹೆಸರಿನ ಹಂಗಿಲ್ಲ ಅಂದ ಮೇಲೆ ಯಾರನ್ನ ತಗೊಂಡರು ಅಂತ ನೋಡಿದ್ರೆ ಇನ್ನೂ ಮಜಾ ಇದೆ. ನಿಕ್ಕಿ ಆದವರು ಸತೀಶ್ ನೀನಾಸಂ. ಮಂಡ್ಯ ಕಡೆಯವರು. ಹೆಗ್ಗೋಡಿನ ನೀನಾಸಂನಲ್ಲಿ ನಾಟಕ ಕಲಿತು, ಕಲಿತ ಜಾಗದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು. ಅದುವರೆಗೆ ‘ಲೈಫು ಇಷ್ಟೇನೆ’, ‘ಡ್ರಾಮಾ’ ಥರದ ಚಿತ್ರಗಳಲ್ಲಿ ನಾಯಕನ ಪಕ್ಕದಲ್ಲಿ ನಿಲ್ಲೋ ಪಾತ್ರ. ಶ್ವೇತಾ ಆದ ಶ್ರುತಿ ಹರಿಹರನ್ ಅದಕ್ಕೂ ಮುಂಚೆ ಕನ್ನಡ ಸಿನಿಮಾ ಹಾಡುಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯೋ ಡ್ಯಾನ್ಸರ್ ಆಗಿದ್ದವರು. ಕನ್ನಡದಲ್ಲಿ ಅವರಿಗಿದು ಮೊದಲ ನಾಯಕಿ ಪಾತ್ರ. ಸಂಗೀತ ಪೂರ್ಣಚಂದ್ರ ತೇಜಸ್ವಿ ಅವರದ್ದು. ‘ಕರ್ವಾಲೊ’ ಬರೆದ ತೇಜಸ್ವಿ ಅಲ್ಲ, ಈ ಗೊಂದಲ ಈಗಲೂ ಕಾಮೆಂಟ್‌ಗಳಲ್ಲಿ ಬರ್ತಾನೇ ಇರತ್ತೆ. ಕ್ಯಾಮೆರಾ ಸಿದ್ಧಾರ್ಥ ನುನಿ. ಫ್ರೇಮ್‌ನ ಅಂಚಿನಲ್ಲಿ ಇದ್ದವರೆಲ್ಲ ನಡುವಿಗೆ ಬಂದು ನಿಂತ ಸಿನಿಮಾ ಇದು.

ಹಾಗಂತ ಸಿನಿಮಾದಲ್ಲಿ ತಕರಾರೇ ಇಲ್ಲ ಅಂತಲ್ಲ. ತನಿಖೆಯ ಎಳೆ ಇದ್ಯಲ್ಲ, ಅದು ಕಥೆಗೆ ಬೇಕಾದ ಕೊಂಡಿ ಹೌದು, ಆದ್ರೆ ಅಲ್ಲಿಗೆ ಬಂದಾಗೆಲ್ಲ ಸಿನಿಮಾ ತಣ್ಣಗಾಗತ್ತೆ. ಶ್ವೇತಾ ಎರಡೂ ಲೋಕದಲ್ಲಿ ನಾಯಕನ ಅಳತೆಗೋಲು ಆಗಿಯೇ ಉಳೀತಾಳೆ. ಅವಳಿಗೆ ಬೇರೆ ಬದುಕಿನ ಆಸೆ ಇದ್ಯಾ ಅಂತ ಯಾರೂ ಕೇಳಲ್ಲ.

ನನ್ನ ದೊಡ್ಡ ತಕರಾರು ಬೇರೆ ಇದೆ. ನಿಕ್ಕಿಯ ಬಡತನ ಇಷ್ಟು ಬಣ್ಣಬಣ್ಣವಾಗಿ, ಬೆಚ್ಚಗೆ ಇದ್ಯಲ್ಲ, ಅದು ನಿಜವಾದ ಟಾರ್ಚ್ ಬಿಡೋನ ಬದುಕಾ? ಮೊದಲ ಸಲ ನೋಡಿದಾಗ ನನಗೆ ಇದು ಹಿತವಾಗಿತ್ತು. ಎರಡನೇ ಸಲ ಕಿರಿಕಿರಿ ಆಯ್ತು. ‘ಬಡವರೇ ಸುಖಿಗಳು’ ಅಂತ ಶ್ರೀಮಂತರು ಹೇಳಿಕೊಳ್ಳೋ ಸಮಾಧಾನದ ಮಾತಲ್ವಾ ಇದು ಅನ್ನಿಸ್ತು. ಮೆಜೆಸ್ಟಿಕ್‌ನಲ್ಲಿ ಥಿಯೇಟರ್‌ಗಳು ಒಂದೊಂದಾಗಿ ಬಿದ್ದು ಹೋದ್ವು. 1968ರಿಂದ ಇದ್ದ ಕಪಾಲಿ ಕೂಡ 2017ರಲ್ಲಿ ಪ್ರದರ್ಶನ ನಿಲ್ಲಿಸಿ ಆಮೇಲೆ ನೆಲಸಮ ಆಯ್ತು. ಅಲ್ಲೆಲ್ಲ ಟಾರ್ಚ್ ಹಿಡಿದು, ಟಿಕೆಟ್ ಹರಿದು, ಸೈಕಲ್ ಸ್ಟ್ಯಾಂಡ್ ನೋಡಿಕೊಂಡು ಇದ್ದವರ ಕೆಲಸಕ್ಕೆ ಯಾವ ಬಣ್ಣವೂ ಇರಲಿಲ್ಲ.

ಮೂರನೇ ಸಲ ನೋಡಿದಾಗ ಇನ್ನೊಂದು ಹೊಳೀತು. ಆ ಬಣ್ಣ ನಿಕ್ಕಿಯದ್ದಲ್ಲ, ನಿಖಿಲ್‌ನದ್ದು. ಬಡತನ ಹೇಗಿರತ್ತೆ ಅಂತ ಮರೆತು ಹೋಗಿರೋ, ಅಥವಾ ಯಾವತ್ತೂ ಗೊತ್ತಿಲ್ಲದಿರೋ ಒಬ್ಬ ಸ್ಟಾರ್ ಕಟ್ಟಿಕೊಂಡ ಕನಸು ಅದು. ಆದ್ರೂ ಆ ಕನಸಲ್ಲಿ ಅವನು ತನಗೆ ಬಂಗಲೆ ಕೊಟ್ಟುಕೊಂಡಿಲ್ಲ, ಹೊಲ ಗದ್ದೆ ಕೊಟ್ಟುಕೊಂಡಿಲ್ಲ. ಮುಚ್ಚಿಹೋಗ್ತಿರೋ ಒಂದು ಥಿಯೇಟರ್, ಕೈಯಲ್ಲೊಂದು ಟಾರ್ಚ್. ಯಾರೂ ಮುಖ ನೋಡದ, ಎಲ್ಲರೂ ಅವನು ತೋರಿಸೋ ಬೆಳಕನ್ನಷ್ಟೇ ನೋಡೋ ಕೆಲಸ. ಸಿನಿಮಾ ಬಿಟ್ಟು ದೂರ ಓಡಬೇಕು ಅಂತ ಅವನಿಗಿಲ್ಲ. ಸಿನಿಮಾ ಒಳಗೇ ಇರಬೇಕು, ಆದ್ರೆ ತನ್ನ ಹೆಸರಿನ ಮೇಲೆ ಯಾರೂ ದುಡ್ಡು ಕಟ್ಟಿರಬಾರದು.

ಆಮೇಲೆ ಏನಾಯ್ತು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. 2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಮೊದಲ ಪ್ರದರ್ಶನ, ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಬಂತು. ಇಲ್ಲಿ ಬಿಡುಗಡೆಯಾಗಿ ಓಡಿತು. ಮುಂದಿನ ವರ್ಷಗಳಲ್ಲಿ ‘ಉಳಿದವರು ಕಂಡಂತೆ’, ‘ರಂಗಿತರಂಗ’, ‘ತಿಥಿ’ ಬಂದಾಗ ಜನ ‘ಲೂಸಿಯಾ’ ಹೆಸರು ತೆಗೀತಿದ್ರು. ಆದ್ರೆ ಜಾಮೀನಿನ ಪ್ರಶ್ನೆ ಅಲ್ಲಿಗೇ ಬಗೆಹರೀಲಿಲ್ಲ. ಪವನ್ ಇದಾದ ಮೇಲೆ ನಿಕೋಟಿನ್‌ನ ರಾಸಾಯನಿಕ ಸೂತ್ರವನ್ನೇ ಹೆಸರಾಗಿಟ್ಟು ಘೋಷಿಸಿದ ಸಿನಿಮಾ ಆಗ ಶುರುವಾಗಲೇ ಇಲ್ಲ. ಅವರ ಮುಂದಿನ ಚಿತ್ರ ‘ಯು ಟರ್ನ್’ ಬಂದಿದ್ದು 2016ರಲ್ಲಿ. ಒಂದು ಸಲ 110 ಜನ ಸೇರಿದ್ರು ಅಂದ್ರೆ ಪ್ರತಿ ಸಲ ಸೇರ್ತಾರೆ ಅಂತೇನಿಲ್ಲ. ಹಾಗೆ ನೋಡಿದ್ರೆ, ಎರಡನೇ ಸಲ ಜನ ದುಡ್ಡು ಹಾಕೋದು ‘ಲೂಸಿಯಾ ಮಾಡಿದ ಪವನ್’ ಅನ್ನೋ ಹೆಸರಿನ ಮೇಲೇ ಅಲ್ವಾ? ಆಗ ಆ ಹೆಸರೂ ಒಂದು ಅಡಮಾನ.

ನಾನು ಈ ಸಿನಿಮಾ ಬಗ್ಗೆ ಯಾರ ಜೊತೆ ಮಾತಾಡಿದ್ರೂ ಕೊನೆಗೆ ಬರೋದು ತಮಿಳು ರಿಮೇಕ್‌ಗೆ. 2015ರಲ್ಲಿ ‘ಎನಕ್ಕುಳ್ ಒರುವನ್’ ಅಂತ ಬಂತು, ನಾಯಕ ಸಿದ್ಧಾರ್ಥ್. ಒಳ್ಳೇ ನಟ, ಶ್ರದ್ಧೆಯಿಂದಲೇ ಮಾಡಿದ್ದಾರೆ. ಆದ್ರೆ ಸಿದ್ಧಾರ್ಥ್ ಟಾರ್ಚ್ ಹಿಡಿದು ಬಂದ ತಕ್ಷಣ ನೋಡೋರಿಗೆ ಗೊತ್ತು, ಇವರು ಸ್ಟಾರ್, ಬಡವನ ವೇಷ ಹಾಕಿದ್ದಾರೆ ಅಂತ. ಕಥೆ ತನ್ನ ಗುಟ್ಟನ್ನ ಮೊದಲ ರೀಲಿನಲ್ಲೇ ಬಿಟ್ಟುಕೊಟ್ಟ ಹಾಗೆ. ಕನ್ನಡದಲ್ಲಿ ಸತೀಶ್ ಮುಖಕ್ಕೆ ಇನ್ನೂ ಬೆಲೆ ಕಟ್ಟಿರಲಿಲ್ಲ. ಅವರು ಟಾರ್ಚ್ ಬಿಡೋನಾಗಿ ಬಂದಾಗ ಟಾರ್ಚ್ ಬಿಡೋನೇ ಬಂದ ಹಾಗಿತ್ತು, ಸ್ಟಾರ್ ಆಗಿ ಬಂದಾಗ ‘ಇದು ಕನಸೇ ಇರಬೇಕು’ ಅನ್ನಿಸ್ತು. ಈಗ ‘ಅಯೋಗ್ಯ’ದಂಥ ಹಿಟ್ ಕೊಟ್ಟಾದ ಮೇಲೆ, ಅದೇ ಸತೀಶ್ ಅದೇ ಪಾತ್ರವನ್ನ ಅದೇ ಥರ ಮಾಡಿದ್ರೂ ನಾವು ಅದನ್ನ ನಂಬಲ್ಲ.